ಗಾಜಿನ ಹಿಂದಿನ ಸಾರಾ ಬರ್ನ್‌ಹಾರ್ಟ್: ಒಂದು ಪ್ರಕರಣ ಅಧ್ಯಯನ

ಇಂಗ್ಲೆಂಡಿನ ಖಾಸಗಿ ಸಂಗ್ರಹವೊಂದರಿಂದ ದುರಸ್ತಿಗೆ ಬಂದ ಚಿತ್ರದ ಜೊತೆ ಚೀಟಿಯೊಂದಿತ್ತು. ಗಾಜಿನ ಹಿಂಬದಿಗೆ ಕೈಯಲ್ಲಿ ಬರೆದ ತೈಲಚಿತ್ರ, ನಟಿ ಸಾರಾ ಬರ್ನ್‌ಹಾರ್ಟ್, ಬಣ್ಣ ಗಾಜು ಬಿಟ್ಟು ಏಳುತ್ತಿದೆ, ಕೂರಿಸಿಕೊಡಬೇಕು ಎಂದು ಅದರಲ್ಲಿ ಬರೆದಿತ್ತು. ನಟಿಯ ಹೆಸರು ಸರಿ, ಉಳಿದದ್ದೆಲ್ಲ ತಪ್ಪು. ಚೀಟಿಯನ್ನು ನಂಬಿ, ಗಾಜಿನ ವರ್ಣಚಿತ್ರಕ್ಕೆ ಮಾಡುವ ಹಾಗೆ ರಾಳದ ದ್ರಾವಣ ಹರಿಸಿ ಬಣ್ಣ ಕೂರಿಸಲು ಹೊರಟಿದ್ದರೆ, ಮುಖದ ಅರ್ಧ ಭಾಗ ಒಂದೇ ಮಧ್ಯಾಹ್ನದಲ್ಲಿ ಹಾಳಾಗುತ್ತಿತ್ತು. ಏಕೆಂದರೆ ಅದು ವರ್ಣಚಿತ್ರವಲ್ಲ, ಫೋಟೊ. 19ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಮನೆಮನೆಗಳಲ್ಲಿ ಹವ್ಯಾಸವಾಗಿ ಮಾಡುತ್ತಿದ್ದ, ಉಬ್ಬುಗಾಜಿನ ಹಿಂದೆ ಫೋಟೊ ಅಂಟಿಸಿ ಬಣ್ಣ ತುಂಬುವ ಕ್ರಿಸ್ಟೋಲಿಯಂ.

ಬಂದಾಗಿನ ಸ್ಥಿತಿ ಹೀಗಿತ್ತು. ಗಾಜು 152 × 102 ಮಿ.ಮೀ., ನೋಡುವವರ ಕಡೆಗೆ ಉಬ್ಬಿದ್ದು. ಉಬ್ಬಿನ ಎತ್ತರ ನಡುವೆ ಸುಮಾರು 9 ಮಿ.ಮೀ. ಮರದ ಮೇಲೆ ಪ್ಲಾಸ್ಟರಿನ ಬಳ್ಳಿ ಮೂಡಿಸಿ ಚಿನ್ನದ ರೇಕು ಹಚ್ಚಿದ ಚೌಕಟ್ಟು, ಹಿಂದೆ ಮೊಳೆ ಹೊಡೆದ ತೆಳು ಹಲಗೆ. ಚಿತ್ರದಲ್ಲಿ ಎದೆಯ ಮಟ್ಟದವರೆಗಿನ ಹೆಣ್ಣು, ತಲೆಯ ಮೇಲೆ ರತ್ನಖಚಿತ ಕಿರೀಟ, ಹೆಗಲಿನ ಮೇಲೆ ಜರಿಯಂಥ ದಪ್ಪ ಕಸೂತಿ. ಎಡಗೆನ್ನೆಯಲ್ಲೂ ಹೆಗಲಿನಲ್ಲೂ ಪಾದರಸದಂತೆ ಮಿನುಗುವ ಮಚ್ಚೆಗಳು. ಉಡುಪಿನ ಕೆಳಭಾಗದಲ್ಲಿ ಮಾಸಲು, ಬೆಳಕು ಹಾಯದ ಕಲೆಗಳು. ಕೆಳಗಿನ ಬಲಮೂಲೆಯಲ್ಲಿ ಓರೆಯಾಗಿ ಓಡಿದ ಬಿರುಕು. ಆದರೆ ಮುಂಭಾಗದ ಗಾಜನ್ನು ಬೆರಳಿನಿಂದ ತಡವಿದರೆ ಬಿರುಕು ಸಿಗುತ್ತಿರಲಿಲ್ಲ. ಒಳಗೆ ಇನ್ನೊಂದು ಗಾಜು ಇದೆ ಎಂಬುದಕ್ಕೆ ಸಿಕ್ಕ ಮೊದಲ ಸುಳಿವು ಇದೇ.

ಯಾವ ವಿಧಾನದ್ದು ಎಂದು ತಿಳಿಯುವುದು

ಗಾಜಿನ ಹಿಂದಿನ ಚಿತ್ರಗಳಲ್ಲಿ ಮುಖ್ಯವಾಗಿ ಮೂರು ಬಗೆ. ಒಂದು, ಕೈಯಿಂದಲೇ ಬರೆದದ್ದು. ಎರಡು, ಮುದ್ರಿತ ಹಾಳೆ ಅಂಟಿಸಿ ಬಣ್ಣ ತುಂಬಿದ್ದು. ಮೂರು, ಫೋಟೊ ಅಂಟಿಸಿ ಬಣ್ಣ ತುಂಬಿದ್ದು. ಒಂದು ಮೀಟರು ದೂರದಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ಚೌಕಟ್ಟು ಬಿಚ್ಚದೆಯೇ ವ್ಯತ್ಯಾಸ ಕಂಡುಹಿಡಿಯಲು ಬೇಕಾದದ್ದು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಒಂದು ಸಣ್ಣ ಟಾರ್ಚ್, ಮತ್ತು ತಾಳ್ಮೆ.

ಮೊದಲು ಕಣ್ಣಿನ ರೆಪ್ಪೆ ಮತ್ತು ಕೂದಲಿನ ಅಂಚನ್ನು ನೋಡಬೇಕು. ಕುಂಚದ್ದಾದರೆ ಗೆರೆಗೆ ಆರಂಭ, ಅಂತ್ಯ, ಒತ್ತಡದ ಏರಿಳಿತ ಇರುತ್ತದೆ. ಮುದ್ರಣವಾದರೆ ಚುಕ್ಕಿಗಳ ಜಾಲವೋ ಕಲ್ಲಚ್ಚಿನ ತರಿತರಿಯೋ ಕಾಣುತ್ತದೆ. ಇಲ್ಲಿ ಎರಡೂ ಇರಲಿಲ್ಲ. ನೆರಳಿನಿಂದ ಬೆಳಕಿಗೆ ಎಲ್ಲೂ ಕಡಿಯದೆ ಜಾರುವ ಕಂದು ಛಾಯೆ, ಅದರ ಹಿಂದೆ ಕಾಗದದ ನಾರಿನ ತೀರ ಮಸುಕಾದ ನೇಯ್ಗೆ. ಆಲ್ಬುಮೆನ್ ಫೋಟೊ ಎಂದರೆ ಇದೇ: ಮೊಟ್ಟೆಯ ಬಿಳಿಭಾಗ ಸವರಿದ ತೆಳುಕಾಗದದ ಮೇಲೆ ಬೆಳ್ಳಿಯಿಂದ ಮೂಡಿದ ಬಿಂಬ.

ಎರಡನೆಯ ಪರೀಕ್ಷೆ ಇನ್ನೂ ಸುಲಭ. ಸಂತೆಯಲ್ಲಿ ನಿಂತೂ ಮಾಡಬಹುದು. ಚಿತ್ರವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಎಡಕ್ಕೂ ಬಲಕ್ಕೂ ನಿಧಾನವಾಗಿ ಓರೆ ಮಾಡಿ. ಕ್ರಿಸ್ಟೋಲಿಯಂ ಆದರೆ ತುಟಿ, ಕಣ್ಣು, ಒಡವೆಯ ಬಣ್ಣ ಬಿಂಬದ ಜೊತೆಯೇ ಇರುತ್ತದೆ. ಆದರೆ ಬಟ್ಟೆಯ ಬಣ್ಣ, ಮೈಬಣ್ಣ, ಹಿನ್ನೆಲೆ ಒಂದಿಷ್ಟು ಜಾರುತ್ತವೆ. ಅವು ಬಿಂಬಕ್ಕಿಂತ ಸುಮಾರು ಒಂದೂವರೆ ಮಿ.ಮೀ. ಹಿಂದೆ, ಎರಡನೆಯ ಗಾಜಿನ ಬೆನ್ನಿಗೆ ಇರುವುದೇ ಕಾರಣ. ಒಂದೇ ಗಾಜಿನ ವರ್ಣಚಿತ್ರದಲ್ಲಿ ಹೀಗೆ ಏನೂ ಜಾರುವುದಿಲ್ಲ. ಗಾಜಿನ ಉಬ್ಬು ಸಹ ಬಲವಾದ ಸುಳಿವೇ, ಆದರೆ ಅದೊಂದನ್ನೇ ನೆಚ್ಚಬಾರದು. ಉಬ್ಬುಗಾಜಿನ ಮೇಲೆ ಬರೆದ ವರ್ಣಚಿತ್ರಗಳೂ ಇವೆ.

ಎಡಬಲದ ಲೆಕ್ಕವೂ ಉಪಯೋಗಕ್ಕೆ ಬರುತ್ತದೆ. ಗಾಜಿನ ಕೆಳಗೆ ಫೋಟೊ ಇಟ್ಟು ಮೇಲಿನಿಂದ ನಕಲು ತೆಗೆದು, ಆಮೇಲೆ ಗಾಜನ್ನು ಮಗುಚಿ ನೋಡಿದರೆ ಬಿಂಬ ತಿರುಗುಮುರುಗು. ಬಲಕ್ಕೆ ನೋಡುತ್ತಿದ್ದವಳು ಎಡಕ್ಕೆ ನೋಡುತ್ತಾಳೆ. ಆದರೆ ಫೋಟೊವನ್ನೇ ಮುಖ ಕೆಳಗಾಗಿ ಗಾಜಿಗೆ ಅಂಟಿಸಿ, ಗಾಜಿನ ಮೂಲಕ ನೋಡಿದರೆ ಬಿಂಬ ಇದ್ದ ಹಾಗೇ ಉಳಿಯುತ್ತದೆ. ಈ ಚಿತ್ರದ ಭಂಗಿ, ಥಿಯೊಡೋರಾ ಪಾತ್ರದಲ್ಲಿರುವ ಸಾರಾಳ ಕ್ಯಾಬಿನೆಟ್ ಕಾರ್ಡಿನ (ರಟ್ಟಿಗೆ ಅಂಟಿಸಿ ಮಾರುತ್ತಿದ್ದ ಫೋಟೊ) ಜೊತೆ ತಿರುಗದೆ ಹೊಂದಿಕೊಂಡಿತು. ನಮ್ಮ ಕಡೆಯ ಹಳೆಯ ಮನೆಗಳ ದೇವರ ಕೋಣೆಯಲ್ಲಿರುವ ಗಾಜಿನ ಚಿತ್ರಗಳನ್ನು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಮೈಸೂರು, ತಂಜಾವೂರು ಕಡೆಯ ಆ ಚಿತ್ರಗಳಲ್ಲಿ ದೇವರ ಅಭಯಹಸ್ತ ಬಲಗೈಯಾಗಿ ಕಾಣಬೇಕಾದರೆ ಚಿತ್ರಕಾರ ಎಡಬಲವನ್ನು ಮೊದಲೇ ತಿರುಗಿಸಿ ಬರೆಯಬೇಕು. ಕಣ್ಣುಬೊಟ್ಟು, ಒಡವೆ ಮೊದಲು, ಮೈಬಣ್ಣ ಆಮೇಲೆ, ಹಿನ್ನೆಲೆ ಕೊನೆಗೆ. ಅವು ಸಂಪೂರ್ಣ ಕುಂಚದ ಕೆಲಸ. ಅವುಗಳಿಗೆ ಹೇಳಿದ ಮದ್ದು ಇದಕ್ಕೆ ಆಗದು, ಇದರದ್ದು ಅವುಗಳಿಗೂ ಆಗದು.

ಕಾಲನಿರ್ಣಯಕ್ಕೆ ದೀಪವೇ ಸಾಕಷ್ಟು ಹೇಳಿತು. ಚೌಕಟ್ಟು ಬಿಚ್ಚಿದ ಮೇಲೆ 365 ನ್ಯಾನೊಮೀಟರ್ ಅತಿನೇರಳೆ ದೀಪದಡಿ ಎರಡನೆಯ ಗಾಜಿನ ಬಿಳಿ ಬಣ್ಣ ಹಳದಿ ಮಿಶ್ರಿತ ಹಸಿರಾಗಿ ಬೆಳಗಿತು: ಸತುವಿನ ಬಿಳಿ. ಟೈಟೇನಿಯಂ ಬಿಳಿಯಾಗಿದ್ದರೆ ಹೀಗೆ ಬೆಳಗದೆ ಕಪ್ಪಾಗಿ ಕಾಣುತ್ತಿತ್ತು. ಅದು ಬಣ್ಣದ ಅಂಗಡಿಗೆ ಬಂದದ್ದೇ ಮೊದಲ ಮಹಾಯುದ್ಧದ ಹೊತ್ತಿಗೆ. ಬಣ್ಣದಲ್ಲಿರುವ ಧಾತುಗಳನ್ನು ಗುರುತಿಸುವ ಎಕ್ಸ್-ರೇ ಫ್ಲೋರೆಸೆನ್ಸ್ ಯಂತ್ರದಲ್ಲಿ ಸತು, ಸೀಸ ಸಿಕ್ಕವು, ಟೈಟೇನಿಯಂ ಸಿಗಲಿಲ್ಲ. 254 ನ್ಯಾನೊಮೀಟರ್ ದೀಪದಲ್ಲಿ ಗಾಜಿನ ಎರಡು ಬದಿಯನ್ನೂ ನೋಡಲಾಯಿತು. 1959ರ ನಂತರದ ಫ್ಲೋಟ್ ಗಾಜಾದರೆ ತವರದ ಮೇಲೆ ತೇಲಿದ ಬದಿ ಹಾಲಿನಂತೆ ಬೆಳಗುತ್ತದೆ. ಇಲ್ಲಿ ಯಾವ ಬದಿಯೂ ಬೆಳಗಲಿಲ್ಲ. ಗಾಜಿನೊಳಗೆ ಸಾಸಿವೆಗಿಂತ ಸಣ್ಣ ಗಾಳಿಗುಳ್ಳೆಗಳೂ ಇದ್ದವು.

ಇವಳು ಅವಳೇ ಹೌದೆ?

ಹಳೆಯ ಸಾಮಾನಿನ ವ್ಯಾಪಾರದಲ್ಲಿ ಗುಂಗುರು ಕೂದಲಿನ, ಸಪೂರ ಮೈಯ, ಕಿರೀಟವಿಟ್ಟ ಯಾವ ಹೆಣ್ಣಾದರೂ ಸಾರಾ ಬರ್ನ್‌ಹಾರ್ಟ್ ಆಗಿಬಿಡುತ್ತಾಳೆ. ಹೆಸರು ಹಚ್ಚಿದರೆ ಬೆಲೆ ಏರುತ್ತದೆ, ಅಷ್ಟೆ. ಹಿಂದಿನ ರಟ್ಟಿನ ಮೇಲೆ ಶಾಯಿಯಲ್ಲಿ ಅವಳ ಹೆಸರೂ ಥಿಯೊಡೋರಾ ಎಂಬ ಪಾತ್ರದ ಹೆಸರೂ ಇದ್ದವು. ಆದರೆ ಶಾಯಿಯನ್ನು ಯಾರು ಯಾವಾಗ ಬೇಕಾದರೂ ಬರೆಯಬಹುದು.

ಸಾರಾ (1844–1923) ಕಾಮೆಡಿ ಫ್ರಾನ್ಸೇಸ್ ರಂಗಸಂಸ್ಥೆಯಲ್ಲಿ 1862ರಲ್ಲಿ ಮೊದಲು ವೇದಿಕೆ ಏರಿದವಳು, 1880ರಲ್ಲಿ ಅದನ್ನು ಬಿಟ್ಟು ಸ್ವಂತ ತಂಡ ಕಟ್ಟಿ ಅಮೆರಿಕಕ್ಕೆ ಹೊರಟವಳು. ಫೋಟೊದ ಬಲ ಅವಳಷ್ಟು ಚೆನ್ನಾಗಿ ಅರಿತ ನಟಿ ಆ ಕಾಲದಲ್ಲಿ ಇನ್ನೊಬ್ಬಳಿರಲಿಲ್ಲ ಎನ್ನಬಹುದು. ಪ್ಯಾರಿಸ್‌ನ ನಾಡಾರ್, ನ್ಯೂಯಾರ್ಕಿನ ಸರೋನಿ, ಲಂಡನ್ನಿನ ಡೌನಿ ಸ್ಟುಡಿಯೊಗಳೆಲ್ಲ ಅವಳನ್ನು ಸೆರೆಹಿಡಿದವು. ಶವಪೆಟ್ಟಿಗೆಯೊಳಗೆ ಕಣ್ಣುಮುಚ್ಚಿ ಮಲಗಿ ತೆಗೆಸಿಕೊಂಡ ಫೋಟೊ ಸಹ ಮಾರಾಟವಾಯಿತು. ಮನೆಯಲ್ಲಿ ಕುಳಿತು ಕ್ರಿಸ್ಟೋಲಿಯಂ ಮಾಡುವವರಿಗೆ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತಿದ್ದ ಮುಖಗಳಲ್ಲಿ ಅವಳದೂ ಒಂದು.

ವಿಕ್ತೋರಿಯನ್ ಸಾರ್ದೂ ಅವಳಿಗಾಗಿ ಬರೆದ ‘ಥಿಯೊಡೋರಾ’ ಪ್ಯಾರಿಸ್‌ನ ಪೋರ್ತ್ ಸೇಂಟ್ ಮಾರ್ತಾಂ ರಂಗಮಂದಿರದಲ್ಲಿ 1884ರ ಡಿಸೆಂಬರ್ 26ರಂದು ಮೊದಲು ಆಡಿದ್ದು. ಬೈಜಾಂಟಿಯಂ ಸಾಮ್ರಾಜ್ಞಿಯ ಪಾತ್ರ. ಫೋಟೊ ಮೂಲದ ವಸ್ತುವಿಗೆ ಒಂದು ಅನುಕೂಲವಿದೆ: ಹೋಲಿಕೆ ಎಂಬ ಅಂದಾಜಿನ ಮಾತು ಬೇಕಿಲ್ಲ, ಅಳೆದೇ ನೋಡಬಹುದು. ಕ್ಯಾಬಿನೆಟ್ ಕಾರ್ಡಿನ ಸ್ಕ್ಯಾನನ್ನೂ ಈ ಚಿತ್ರದ ಫೋಟೊವನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇರಿಸಿ, ಉಬ್ಬಿನಿಂದ ಅಂಚಿನಲ್ಲಾದ ಎಳೆತ ಸರಿಪಡಿಸಿದಾಗ ಕಿರೀಟದ ಪ್ರತಿ ಮಣಿ, ಕಿವಿಯ ತುದಿ, ಹೆಗಲಿನ ಮಡಿಕೆ ಎಲ್ಲವೂ ಒಂದರ ಮೇಲೊಂದು ಕೂತವು. ಕುಂಚದ ನಕಲಾಗಿದ್ದರೆ ಎಲ್ಲಾದರೂ ಒಂದು ಮಣಿ ಹೆಚ್ಚಾಗುತ್ತಿತ್ತು, ಒಂದು ಮಡಿಕೆ ತಪ್ಪುತ್ತಿತ್ತು. ಅಳತೆಯೂ ಒಂದೇ. ಆಗಿನ ಆಲ್ಬುಮೆನ್ ಫೋಟೊಗಳನ್ನು ನೆಗೆಟಿವ್‌ಗೆ ಒತ್ತಿ ಅದೇ ಅಳತೆಯಲ್ಲಿ ತೆಗೆಯುತ್ತಿದ್ದರು, ಹಿಗ್ಗಿಸುತ್ತಿರಲಿಲ್ಲ. ಹಾಗಾಗಿ ಎರಡೂ ಒಂದೇ ನೆಗೆಟಿವ್‌ನ ಮಕ್ಕಳು. ಕಾಲ: 1884ರ ಕೊನೆಗಿಂತ ಮೊದಲಲ್ಲ, ಈ ಹವ್ಯಾಸ ಮೊದಲ ಮಹಾಯುದ್ಧದ ಹೊತ್ತಿಗೆ ಕಳೆಗುಂದಿದ್ದರಿಂದ ಅದಕ್ಕಿಂತ ತೀರ ಈಚಿನದೂ ಅಲ್ಲ.

ಮಾಡಿದ ಕ್ರಮ, ಕೆಡುವ ಕ್ರಮ

ಈ ವಸ್ತು ಏಕೆ ಹೀಗೆ ಕೆಡುತ್ತದೆ ಎಂಬುದು ಅದನ್ನು ಮಾಡಿದ ಕ್ರಮದಲ್ಲೇ ಇದೆ. ರಟ್ಟಿಗೆ ಅಂಟಿಸದ ಫೋಟೊ ತಂದು, ಅಥವಾ ನೀರಲ್ಲಿ ನೆನೆಸಿ ರಟ್ಟಿನಿಂದ ಬಿಡಿಸಿ, ಉಬ್ಬುಗಾಜಿನ ಒಳಬದಿಗೆ ಗಂಜಿ ಅಥವಾ ಜೆಲಟಿನ್ ಅಂಟಿನಿಂದ ಮುಖ ಕೆಳಗಾಗಿ ಅಂಟಿಸುತ್ತಿದ್ದರು. ಬೆರಳಿನಿಂದ ನಡುವಿನಿಂದ ಅಂಚಿಗೆ ಒತ್ತಿ ಗಾಳಿಗುಳ್ಳೆ ಹೊರಗಟ್ಟಬೇಕು. ಒಣಗಿದ ಮೇಲೆ ನುಣುಪು ಸ್ಯಾಂಡ್‌ಪೇಪರಿನಿಂದ ಕಾಗದವನ್ನು ಹಿಂದಿನಿಂದ ಉಜ್ಜಿ ಉಜ್ಜಿ, ಬಿಂಬ ಹೊತ್ತ ಪೊರೆ ಮತ್ತು ನಾರಿನ ಒಂದು ತೆಳು ಪದರ ಮಾತ್ರ ಉಳಿಯುವಂತೆ ಮಾಡುವುದು. ಉಳಿದ ನಾರಿಗೆ ಮೇಣವನ್ನೋ ಒಣಗುವ ಎಣ್ಣೆಯನ್ನೋ ಉಣಿಸಿದರೆ ಅದು ಪಾರದರ್ಶಕವಾಗುತ್ತದೆ, ದೋಸೆ ಕಟ್ಟಿಕೊಟ್ಟ ಕಾಗದದಲ್ಲಿ ಎಣ್ಣೆ ಇಳಿದ ಜಾಗದ ಹಾಗೆ. ಆಮೇಲೆ ಕಣ್ಣು, ತುಟಿ, ಒಡವೆಗೆ ಸಣ್ಣ ಕುಂಚದಿಂದ ತೈಲವರ್ಣ. ಅಂಚಿನಲ್ಲಿ ಕಾಗದದ ಪಟ್ಟಿಗಳ ಅಂತರ ಕೊಟ್ಟು, ಅದೇ ಉಬ್ಬಿನ ಎರಡನೆಯ ಗಾಜು. ಅದರ ಬೆನ್ನಿಗೆ ಮೈಬಣ್ಣ, ಬಟ್ಟೆ, ಹಿನ್ನೆಲೆಯ ಅಗಲ ಬಣ್ಣಗಳು. ಹಿಂದೆ ಬಿಳಿ ರಟ್ಟು. ಸುತ್ತ ಅಂಟುಕಾಗದದ ಪಟ್ಟಿ.

ಹಿಂದಿನ ಬಿಳಿ ರಟ್ಟನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬೆಳಕು ಎರಡು ಗಾಜು ದಾಟಿ ಹೋಗಿ, ಆ ರಟ್ಟಿಗೆ ತಾಗಿ ವಾಪಸು ಬಂದಾಗಲೇ ಕೆನ್ನೆಗೆ ಜೀವ ಬರುವುದು. ಈ ಚಿತ್ರದಲ್ಲಿ ರಟ್ಟು ಆಮ್ಲೀಯವಾಗಿ ಕಂದಿ ಚಹಾದ ಬಣ್ಣಕ್ಕೆ ತಿರುಗಿತ್ತು. ಮುಖ ಹಳದಿಯಾಗಿದೆ ಎಂಬ ದೂರಿಗೆ ಅರ್ಧ ಕಾರಣ ಇಲ್ಲೇ ಇತ್ತು. ಉಳಿದರ್ಧ ಆಲ್ಬುಮೆನ್ ತಾನೇ ಹಳದಿಯಾಗುವುದರಿಂದ, ಬೆಳ್ಳಿ ಮಾಸುವುದರಿಂದ. ಅದಕ್ಕೆ ಮದ್ದಿಲ್ಲ.

ಪಾದರಸದ ಮಚ್ಚೆಗಳಿಗೆ ಬರೋಣ. ಪೊರೆ ಗಾಜಿಗೆ ಅಂಟಿರುವಲ್ಲಿ ಅಂಟಿನ ವಕ್ರೀಭವನ ಸೂಚಿ ಗಾಜಿನದಕ್ಕೆ (ಸುಮಾರು 1.52) ಹತ್ತಿರವಿರುವುದರಿಂದ ಬೆಳಕು ತಡೆಯಿಲ್ಲದೆ ದಾಟುತ್ತದೆ. ಪೊರೆ ಎದ್ದಲ್ಲಿ ನಡುವೆ ಗಾಳಿ ಸೇರುತ್ತದೆ. ಗಾಜಿನಿಂದ ಗಾಳಿಗೆ ದಾಟುವಲ್ಲಿ ಬೆಳಕಿನ ಸುಮಾರು 4% ಹಿಂದಕ್ಕೆ ಮಿಂಚುತ್ತದೆ, ಓರೆಯಾಗಿ ನೋಡಿದಷ್ಟೂ ಹೆಚ್ಚು. ಅಂದರೆ ಅಲ್ಲಿ ಬಿಂಬ ಹೋಗಿಲ್ಲ, ಮಿಂಚಿನ ಹಿಂದೆ ಹಾಗೇ ಇದೆ. ತೇವ ಏರಿದಾಗ ಅಂಟು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಗಾಜು ಎರಡನ್ನೂ ಮಾಡುವುದಿಲ್ಲ. ಈ ಎಳೆದಾಟದಲ್ಲಿ ಪೊರೆ ಬಿಡುತ್ತದೆ, ಅದೂ ಮೊದಲ ದಿನವೇ ಗಾಳಿಗುಳ್ಳೆ ಉಳಿದ ಜಾಗದಲ್ಲಿ. ಉಡುಪಿನ ಮಾಸಲು ಕಲೆಗಳಿಗೆ ಬೇರೆ ಕಾರಣ. ಅಲ್ಲಿ ಕಾಗದವನ್ನು ಸಾಕಷ್ಟು ಉಜ್ಜಿಲ್ಲ, ಮೇಣ ಪೂರ್ತಿ ಇಳಿದಿಲ್ಲ. ಮಾಡಿದವರ ಕೈ ಕಿರೀಟದ ಬಳಿ ಎಚ್ಚರವಾಗಿದ್ದು, ಅಂಚಿಗೆ ಬರುವಷ್ಟರಲ್ಲಿ ದಣಿದದ್ದು ಸ್ಪಷ್ಟ. ತುಟಿಯ ಕೆಂಪು ಸಹ ಗೆರೆ ದಾಟಿದೆ. ವೃತ್ತಿಪರರ ಕೆಲಸವಲ್ಲ ಇದು.

ಚಿಕಿತ್ಸೆ

ಮುಖ ಕೆಳಗಾಗಿಟ್ಟು ಕೆಲಸ ಮಾಡಲು ಮೊದಲು ಫೋಮಿನ ಉಂಗುರ ಕತ್ತರಿಸಿಕೊಳ್ಳಬೇಕು, ಭಾರ ಅಂಚಿನ ಮೇಲಷ್ಟೇ ಬೀಳುವಂತೆ. ಉಬ್ಬಿನ ನಡುಭಾಗ ಮೇಜಿಗೆ ತಾಗಿದರೆ ಗಾಜು ಉರುಳಾಡುತ್ತದೆ. ಹಿಂದಿನ ಮೊಳೆಗಳನ್ನು ಇಕ್ಕಳದಿಂದ ನೇರ ಮಾಡಿ ಎಳೆಯಲಾಯಿತು. ಹಲಗೆಯನ್ನು ಮೀಟುವಂತಿಲ್ಲ, ಮೀಟಿದರೆ ಬಲ ಹೋಗಿ ಗಾಜಿಗೆ ಬೀಳುತ್ತದೆ. ಸುತ್ತಿನ ಅಂಟುಕಾಗದವನ್ನು ನೆನೆಸಿ ತೆಗೆಯುವ ಆಸೆ ಬಿಡಬೇಕು. ನೀರು ಅಂಚಿನಿಂದ ಹೀರಿಕೊಂಡು ಫೋಟೊ ಅಂಟಿಸಿದ ಗಂಜಿಯನ್ನೂ ನೆನೆಸುತ್ತದೆ. ಹಾಗಾಗಿ ಎರಡು ಗಾಜು ಕೂಡುವ ಗೆರೆಯಲ್ಲೇ 15ನೇ ನಂಬರಿನ ಸ್ಕಾಲ್ಪೆಲ್ ಬ್ಲೇಡಿನಿಂದ ಒಣದಾಗಿ ಕೊಯ್ದು, ಹಳೆಯ ಕಾಗದವನ್ನು ಗಾಜಿನ ಮೇಲೆಯೇ ಉಳಿಸಲಾಯಿತು.

ಗಾಜುಗಳನ್ನು ಬೇರ್ಪಡಿಸುವುದು ಎಲ್ಲಕ್ಕಿಂತ ಅಪಾಯದ ಹಂತ. ಮೊದಲ ಗಾಜಿನ ಬೆನ್ನಿನ ತೈಲವರ್ಣ ಎರಡನೆಯದಕ್ಕೆ ಅಂಟಿಕೊಂಡಿದ್ದರೆ, ಎತ್ತಿದ ಕೂಡಲೇ ತುಟಿಯೋ ಕಣ್ಣೋ ಕಿತ್ತುಬರುತ್ತದೆ. 50 ಮೈಕ್ರಾನ್ ಪಾಲಿಯೆಸ್ಟರ್ ಹಾಳೆಯನ್ನು ಒಂದು ಮೂಲೆಯಿಂದ ತೂರಿಸಿ, ತಡೆ ಸಿಕ್ಕಲ್ಲಿ ನಿಲ್ಲಿಸಿ, ಇನ್ನೊಂದು ಬದಿಯಿಂದ ಬರುತ್ತಾ ಹೋಗಬೇಕು. ಕಿರೀಟದ ಕೆಂಪು ಮಣಿಯೊಂದರ ಬಳಿ ಮಾತ್ರ ತಡೆ ಇತ್ತು. ಗಾಜುಗಳನ್ನು ಬಾಗಿಸದೆ, ಹಾಳೆಯನ್ನು ಅಡ್ಡಡ್ಡ ಆಡಿಸಿದಾಗ ಅದೂ ಬಿಟ್ಟಿತು, ಬಣ್ಣ ತನ್ನ ಜಾಗದಲ್ಲೇ ಉಳಿಯಿತು.

ಪಾದರಸದ ಮಚ್ಚೆ ಕಂಡವರಿಗೆಲ್ಲ ಅಂಚಿನಿಂದ ಏನಾದರೂ ಹನಿಸಿ ಮಿಂಚು ಅಡಗಿಸುವ ಮನಸ್ಸಾಗುತ್ತದೆ. ಎಣ್ಣೆ ಹನಿಸಿದರೆ ಕ್ಷಣದಲ್ಲಿ ಮಿಂಚು ಮಾಯವಾಗುವುದೂ ನಿಜ. ಆದರೆ ಅದು ಹರಿದಲ್ಲೆಲ್ಲ ಗೆರೆ ಕಟ್ಟುತ್ತದೆ, ಆಮೇಲೆ ಹಳದಿಯಾಗುತ್ತದೆ. ಗಾಜಿನ ವರ್ಣಚಿತ್ರಗಳಿಗೆ ಸಾಮಾನ್ಯವಾಗಿ ಬಳಸುವ ರೆಗಾಲ್‌ರೆಜ್ 1094 ರಾಳದ ವಕ್ರೀಭವನ ಸೂಚಿ ಗಾಜಿನದರಷ್ಟೇ ಇದೆ. ಅದಕ್ಕೇ ಅದು ಜನಪ್ರಿಯ. ಅದನ್ನು ಕರಗಿಸುವುದು ವೈಟ್ ಸ್ಪಿರಿಟ್ ಎಂಬ ಪೆಟ್ರೋಲಿಯಂ ದ್ರಾವಕ. ವೈಟ್ ಸ್ಪಿರಿಟ್ ಮೇಣವನ್ನೂ ಕರಗಿಸುತ್ತದೆ. ಚೌಕಟ್ಟಿನಡಿ ಮರೆಯಾಗುವ ಅಂಚಿನಲ್ಲಿ 2 ಮಿ.ಮೀ. ಜಾಗಕ್ಕೆ ಬರೀ ವೈಟ್ ಸ್ಪಿರಿಟ್ ತಾಗಿಸಿ ನೋಡಿದಾಗ, ಒಣಗಿದ ಮೇಲೆ ಆ ಬಿಂದು ಬೆಳ್ಳಗೆ ಮಂಜಾಯಿತು: ಮೇಣ ಸರಿದು ನಾರು ಬತ್ತಲಾಗಿತ್ತು. ಇನ್ನೊಂದು ಅಂಚಿನಲ್ಲಿ ನೀರು ಬೆರೆತ ಎಥನಾಲ್ ತಾಗಿಸಿದರೆ ಪೊರೆ ಉಬ್ಬಿತು. ಜೆಲಟಿನ್ ದ್ರಾವಣದಲ್ಲೂ ಇರುವುದು ನೀರೇ. ಬಿಸಿ ಸ್ಪ್ಯಾಟುಲಾ ಒತ್ತುವುದಂತೂ ದೂರದ ಮಾತು. ಪ್ಯಾರಫಿನ್ ಮೇಣ 50–60 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಆದ್ದರಿಂದ ಎದ್ದ ಪೊರೆಯನ್ನು ಮುಟ್ಟುವುದು ಬೇಡ ಎಂದು ತೀರ್ಮಾನವಾಯಿತು. ಮಾಲೀಕರಿಗೆ ಇದು ನಿರಾಸೆಯ ಸುದ್ದಿಯೇ. ಆದರೆ ಎದ್ದ ಪೊರೆ ಮುಂದೆಯೂ ಫೋಟೊವಾಗಿಯೇ ಇರುತ್ತದೆ, ಕಲೆ ಹಿಡಿದ ಪೊರೆ ಇರುವುದಿಲ್ಲ.

ಎರಡನೆಯ ಗಾಜಿನ ಕಥೆ ಬೇರೆ. ಅದು ನಿಜಕ್ಕೂ ಗಾಜಿನ ಮೇಲಿನ ತೈಲವರ್ಣ, ಅಲ್ಲಿ ಮೇಣವೂ ಇಲ್ಲ, ಗಂಜಿಯೂ ಇಲ್ಲ. ಹಿನ್ನೆಲೆಯ ಹಸಿರಿನಲ್ಲಿ ಚಕ್ಕೆಗಳು ಎದ್ದಿದ್ದವು. ಮೊದಲ ಗಾಜಿಗೆ ವಿಷವಾದ ರೆಗಾಲ್‌ರೆಜ್ ಇಲ್ಲಿ ಮದ್ದಾಯಿತು: ವೈಟ್ ಸ್ಪಿರಿಟ್‌ನಲ್ಲಿ 10% ದ್ರಾವಣ, ನಂಬರ್ 000 ಕುಂಚದ ತುದಿಯಿಂದ ಚಕ್ಕೆಯ ಅಂಚಿಗೆ ಒಂದೊಂದೇ ಹನಿ. ಹನಿ ತಾನಾಗಿ ಅಡಿಗೆ ಹರಿಯುತ್ತದೆ, ತಳ್ಳುವ ಅಗತ್ಯವಿಲ್ಲ. ಮೊದಲು ಪ್ರತಿಯೊಂದು ಬಣ್ಣದ ಮೇಲೂ ವೈಟ್ ಸ್ಪಿರಿಟ್ ಪರೀಕ್ಷೆ ಕಡ್ಡಾಯ. ಕೆಲವರು ಬಣ್ಣಕ್ಕೆ ರಾಳದ ವಾರ್ನಿಷ್ ಬೆರೆಸುತ್ತಿದ್ದರು, ಅಂಥದ್ದು ಕರಗಿ ಹರಡಬಹುದು.

ಮೂಲೆಯ ಬಿರುಕು 38 ಮಿ.ಮೀ. ಉದ್ದ. ಗಾಜು ಕೂಡಿಸಲು ಬಳಸುವ ಎಪಾಕ್ಸಿ ತೀರ ತೆಳ್ಳಗಿರುವುದರಿಂದ ಬಿರುಕಿನಲ್ಲಿ ಓಡಿ ಬಣ್ಣದ ಅಡಿಗೂ ನುಗ್ಗುತ್ತದೆ, ಮತ್ತೆ ತೆಗೆಯಲಾಗದು. ಬದಲಿಗೆ ಬಣ್ಣವಿಲ್ಲದ ಹೊರ ಅಂಚಿನಲ್ಲಿ, ಚೌಕಟ್ಟಿನಡಿ ಅಡಗುವ ಎರಡು ಕಡೆ ಮಾತ್ರ ಗಟ್ಟಿಯಾಗಿ ಕಲಸಿದ ಪ್ಯಾರಾಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳದ ಬೊಟ್ಟು ಇಟ್ಟು ತುಣುಕನ್ನು ಹಿಡಿಸಲಾಯಿತು. ಬಿರುಕು ಈಗಲೂ ಕಾಣುತ್ತದೆ.

ಮುಂಭಾಗದ ಗಾಜಿನ ಮೇಲಿನ ಕೊಳೆಗೆ ಎಥನಾಲ್ ಮತ್ತು ಶುದ್ಧೀಕರಿಸಿದ ನೀರು ಸಮಸಮ. ಹತ್ತಿಯ ಕಡ್ಡಿಯನ್ನು ಅದ್ದಿ, ಟಿಶ್ಯೂಗೆ ಒತ್ತಿ ಹಿಂಡಿ, ಅಂಚಿನಿಂದ 5 ಮಿ.ಮೀ. ಒಳಗೇ ನಿಲ್ಲಿಸಿ ಉರುಳಿಸುವುದು. ಸ್ಪ್ರೇ ಬಾಟಲಿಯನ್ನು ಕೋಣೆಗೇ ತರಬಾರದು.

ಮರುಜೋಡಣೆ

ಹಳೆಯ ಅಂತರದ ಪಟ್ಟಿಗಳು ಗಟ್ಟಿಯಾಗಿದ್ದವು, ಅವನ್ನೇ ಮತ್ತೆ ಬಳಸಲಾಯಿತು. ಕಿರೀಟದ ಮಣಿ ಇರುವ ಬದಿಯಲ್ಲಿ ಮಾತ್ರ 0.2 ಮಿ.ಮೀ. ದಪ್ಪ, 4 ಮಿ.ಮೀ. ಅಗಲದ ಆಮ್ಲರಹಿತ ಕಾಗದದ ಪಟ್ಟಿಯೊಂದನ್ನು ಹೆಚ್ಚುವರಿಯಾಗಿ ಸೇರಿಸಿ, ಗಾಜುಗಳು ಮತ್ತೆ ತಾಗದಂತೆ ಮಾಡಲಾಯಿತು. ಅಂಚಿನ ಸುತ್ತ ಫಿಲ್ಮೋಪ್ಲಾಸ್ಟ್ ಪಿ-90 ಟೇಪ್. ಒತ್ತಿದರೆ ಅಂಟುತ್ತದೆ, ನೀರು ಬೇಡ. ಹಿಂದಿನ ಕಂದು ರಟ್ಟಿನ ಜಾಗಕ್ಕೆ ಹತ್ತಿಯ ನಾರಿನ ಬಿಳಿ ರಟ್ಟು. ಇಲ್ಲಿ ಕ್ಷಾರ ಬೆರೆಸಿದ್ದು ಬೇಡ, ಆಲ್ಬುಮೆನ್‌ಗೆ ಅದು ಹಿತವಲ್ಲ. ತಾಗಿರುವ ಫೋಟೊಗೆ ಹಾನಿಯಾಗುವುದೇ ಎಂದು ನೋಡುವ ಐಎಸ್ಒ 18916 ಪರೀಕ್ಷೆಯಲ್ಲಿ ತೇರ್ಗಡೆಯಾದ ರಟ್ಟನ್ನೇ ಕೇಳಿ ತರಬೇಕು. ಈ ಒಂದು ಬದಲಾವಣೆಯಿಂದಲೇ ಮುಖದ ಬಣ್ಣ ಎಷ್ಟು ತಿಳಿಯಾಯಿತು ಎಂದರೆ, ಇಡೀ ಕೆಲಸದಲ್ಲಿ ಕಣ್ಣಿಗೆ ಕಂಡ ಫಲ ಬಹುಪಾಲು ಅದೇ. ಶಾಯಿಯ ಬರಹವಿದ್ದ ಹಳೆಯ ರಟ್ಟು ಪಾಲಿಯೆಸ್ಟರ್ ಲಕೋಟೆಯಲ್ಲಿ ಬೇರೆಯಾಗಿ ಉಳಿದಿದೆ.

ಚೌಕಟ್ಟಿನ ಒಳ ಅಂಚಿಗೆ ತೆಳು ಪಾಲಿಯೆಸ್ಟರ್ ಫೆಲ್ಟ್, ಹಿಂದೆ 3 ಮಿ.ಮೀ. ಪಾಲಿಥಿಲೀನ್ ಫೋಮ್, ಮೊಳೆಯ ಬದಲು ಹಿತ್ತಾಳೆಯ ತಿರುಗು ಪಟ್ಟಿಗಳು ಸ್ಕ್ರೂ ಸಮೇತ. ಸುತ್ತಿಗೆಯ ಒಂದೇ ಏಟಿಗೆ ಹಳೆಯ ಉಬ್ಬುಗಾಜು ಸೀಳುವುದುಂಟು.

ತೂಗುಹಾಕುವ ಜಾಗದ ಆರ್ದ್ರತೆ 40 ರಿಂದ 50% ಒಳಗೆ ಏರುಪೇರಿಲ್ಲದೆ ಇರಬೇಕು, ಬೆಳಕು 50 ಲಕ್ಸ್ ಮೀರಬಾರದು, ಬಿಸಿಲು ಬೀಳುವ ಗೋಡೆಯೂ ಬೆಂಕಿಗೂಡಿನ ಮೇಲ್ಭಾಗವೂ ಹೊರಗೋಡೆಯೂ ಬೇಡ. ಮಚ್ಚೆಗಳ ಅಂಚನ್ನು ಪಾರದರ್ಶಕ ಹಾಳೆಯ ಮೇಲೆ ಗೆರೆ ಹಾಕಿ ಕಡತಕ್ಕೆ ಸೇರಿಸಲಾಗಿದೆ. ವರ್ಷಕ್ಕೊಮ್ಮೆ ಅದೇ ಎತ್ತರದಿಂದ, ಎಡಬದಿಯಿಂದ ಓರೆಯಾಗಿ ಬಿಟ್ಟ ಟಾರ್ಚ್ ಬೆಳಕಿನಲ್ಲಿ ಫೋಟೊ ತೆಗೆದು ಆ ಹಾಳೆಯ ಜೊತೆ ಹೋಲಿಸಬೇಕು. ಮಚ್ಚೆ ಗೆರೆಯಿಂದ 2 ಮಿ.ಮೀ. ಆಚೆ ಹೋಗಿದ್ದರೆ ಮೊದಲು ನೋಡಬೇಕಾದದ್ದು ಕೋಣೆಯ ಆರ್ದ್ರತಾ ಮಾಪಕ. ಚೌಕಟ್ಟನ್ನು ಬಿಚ್ಚುವ ಯೋಚನೆ ಅದಾದ ಮೇಲೆ.